ಮನೆಯ ವಿಸ್ಕಿಗೆ ಮೊದಲು ಅಂಟಿನ ವಾಸನೆ, ಕೊನೆಗೆ ಒದ್ದೆ ಗೋಣಿಚೀಲ: ಕಟ್ ಎಲ್ಲಿ ತಪ್ಪಿತು?

ಕಡಲಾಚೆ (ಆಕ್ಲೆಂಡ್):
ಎಲ್ಲರಿಗೂ ನಮಸ್ಕಾರ. ನ್ಯೂಜಿಲೆಂಡ್‌ನಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಟ್ಟಿ ಇಳಿಸಲು 1996ರಿಂದ ಅವಕಾಶ ಇದೆ, ಮಾರುವಂತಿಲ್ಲ ಅಷ್ಟೇ. ಹಾಗಾಗಿ ಈ ಚಳಿಗಾಲ ಮೊದಲ ಸಲ ಕೈ ಹಾಕಿದೆ.

ಬರೀ ಬಾರ್ಲಿ ಮಾಲ್ಟ್. 23 ಲೀಟರಿನ ಎರಡು ಬ್ಯಾಚ್, ಹುದುಗಿದ ಮೇಲೆ ಸುಮಾರು 8% ಆಲ್ಕೊಹಾಲ್. ಪಾಟ್ ಸ್ಟಿಲ್‌ನಲ್ಲಿ (ಹಂಡೆಯಂಥ ಬಟ್ಟಿ ಪಾತ್ರೆ) ಮೊದಲ ಸುತ್ತು ಕಟ್ ಮಾಡದೆ, ಅಂದರೆ ಬರುವ ಧಾರೆಯನ್ನು ಮೊದಲು, ನಡು, ಕೊನೆ ಅಂತ ಬೇರ್ಪಡಿಸದೆ, ಜೋರಾಗಿ ಇಳಿಸಿದೆ. 28%ನ 12 ಲೀಟರ್ ಸಿಕ್ಕಿತು. ಎರಡನೇ ಸುತ್ತಿಗೆ ಅದನ್ನೇ ಹಾಕಿದೆ. ಥರ್ಮಾಮೀಟರ್ 78 ಡಿಗ್ರಿ ತೋರಿಸಿದಾಗ ಹಾರ್ಟ್ಸ್ (ಕುಡಿಯಲು ಇಟ್ಟುಕೊಳ್ಳುವ ನಡುವಿನ ಭಾಗ) ಶುರು ಅಂತ ಒಂದು ವಿಡಿಯೊದಲ್ಲಿ ನೋಡಿದ್ದೆ. ನನ್ನದು 78ರಲ್ಲಿ ನಿಲ್ಲಲೇ ಇಲ್ಲ, ನೇರ 84ಕ್ಕೆ ಹೋಯಿತು. ಗಾಬರಿಯಾಗಿ ಮೊದಲ 100 ಮಿಲಿ ಚೆಲ್ಲಿ, 94 ಡಿಗ್ರಿವರೆಗೆ ಬಂದದ್ದನ್ನೆಲ್ಲ ಒಂದೇ ದೊಡ್ಡ ಗಾಜಿನ ಜಾಡಿಗೆ ಹಿಡಿದೆ. ಈಗ 66%ನ 4 ಲೀಟರ್ ಇದೆ. ಮೂಗಿಗೆ ಹಿಡಿದರೆ ಫೆವಿಕ್ವಿಕ್, ಉಗುರುಬಣ್ಣ ತೆಗೆಯುವ ದ್ರವದ ಘಾಟು. ನೀರು ಬೆರೆಸಿದರೆ ಮಂಜುಮಂಜು, ಜೊತೆಗೆ ಒದ್ದೆ ಗೋಣಿಚೀಲದ ವಾಸನೆ.

ಊರಿನಿಂದ ಅಮ್ಮ ಫೋನ್ ಮಾಡಿ ಅಳುತ್ತಿದ್ದಾರೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಅವರಿಗೆ ಇನ್ನೂ ನೆನಪಿದೆ. ಇದನ್ನು ಚೆಲ್ಲಿಬಿಡಲಾ?

ತಾಮ್ರದ ಹಂಡೆ (ಹ್ಯಾಮಿಲ್ಟನ್):
ಚೆಲ್ಲಬೇಡಿ ಸರ್. ಕುಡಿಯಲೂ ಬೇಡಿ. ಇದನ್ನು ಸರಿಮಾಡಬಹುದು.

ಮೊದಲು ಅಮ್ಮನ ಮಾತು. ಆ ಸಾವುಗಳು ಕಟ್ ತಪ್ಪಿದ್ದರಿಂದ ಆದದ್ದಲ್ಲ, ಕೈಗಾರಿಕೆಗೆ ಬಳಸುವ ಮೆಥನಾಲ್ ಬೆರೆತದ್ದರಿಂದ. ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ. ಬಾರ್ಲಿಯಲ್ಲಿ ಪೆಕ್ಟಿನ್ ತೀರಾ ಕಡಿಮೆ, ಹಾಗಾಗಿ ನಿಮ್ಮ ಜಾಡಿಯಲ್ಲೂ ಮೆಥನಾಲ್ ಅತ್ಯಲ್ಪ. ಇನ್ನೊಂದು ತಪ್ಪು ಕಲ್ಪನೆಯನ್ನೂ ಬಿಡಿ: ಮೊದಲ 100 ಮಿಲಿ ಚೆಲ್ಲಿದರೆ ಮೆಥನಾಲ್ ಎಲ್ಲ ಹೋಗುತ್ತದೆ ಎನ್ನುವುದು ಸುಳ್ಳು. ಅದು ನೀರು, ಎಥನಾಲ್ ಜೊತೆ ಬೆರೆತಿದ್ದಾಗ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಡಿನೇಚರ್ಡ್ ಸ್ಪಿರಿಟ್ (ಕುಡಿಯಬಾರದೆಂದು ವಿಷ ಬೆರೆಸಿದ್ದು) ಮಾತ್ರ ಸ್ಟಿಲ್ ತೊಳೆಯುವುದಕ್ಕೂ ಹತ್ತಿರ ತರಬೇಡಿ. ಇಷ್ಟನ್ನು ಅಮ್ಮನಿಗೆ ಹೇಳಿ.

ನಿಮ್ಮ ಮೂಗಿಗೆ ಬಡಿದ ಘಾಟು ಅಸಿಟಾಲ್ಡಿಹೈಡ್ ಮತ್ತು ಈಥೈಲ್ ಅಸಿಟೇಟ್‌ನದು. ಅದೇ ಹೆಡ್ಸ್, ಅಂದರೆ ಧಾರೆಯ ಮೊದಲ ಭಾಗ. ಗೋಣಿಚೀಲದ ವಾಸನೆ ಟೇಲ್ಸ್‌ನದು, ಅಂದರೆ ಕೊನೆಯ ಭಾಗದ್ದು. ಮಂಜಾಗುವುದೂ ಬಹುಮಟ್ಟಿಗೆ ಟೇಲ್ಸ್‌ನಿಂದಲೇ, ಅದರ ಎಣ್ಣೆಯಂಥ ಅಂಶ ನೀರು ಹೆಚ್ಚಾದಾಗ ಕರಗದೆ ಬಿಟ್ಟುಕೊಳ್ಳುತ್ತದೆ.

ತಪ್ಪಾದದ್ದು ಥರ್ಮಾಮೀಟರ್ ನಂಬಿದ್ದು. 78.4 ಡಿಗ್ರಿ ಶುದ್ಧ ಎಥನಾಲ್ ಕುದಿಯುವ ಹಂತ. ನಿಮ್ಮ ಹಂಡೆಯಲ್ಲಿದ್ದದ್ದು 28%. ಅಂಥದ್ದು 84ರ ಆಸುಪಾಸಿನಲ್ಲೇ ಶುರುವಾಗಬೇಕು, ನಿಮ್ಮ ಸ್ಟಿಲ್ ಸರಿಯಾಗಿಯೇ ಇದೆ. ಪಾಟ್ ಸ್ಟಿಲ್‌ನಲ್ಲಿ ಡಿಗ್ರಿ ನೋಡಿ ಕಟ್ ಮಾಡುವುದು ಗಡಿಯಾರ ನೋಡಿ ಅನ್ನ ಬೆಂದಿದೆ ಅಂದ ಹಾಗೆ. ಅಗುಳು ಹಿಚುಕಿಯೇ ನೋಡಬೇಕು, ಅಲ್ವಾ?

ಈಗ ಹೀಗೆ ಮಾಡಿ. ಆ 4 ಲೀಟರ್‌ಗೆ 5 ಲೀಟರ್ ನೀರು ಹಾಕಿ. 29%ಗೆ ಇಳಿಯುತ್ತದೆ. ಹೆಚ್ಚು ತೀಕ್ಷ್ಣ ಇದ್ದಷ್ಟೂ ಬೆಂಕಿಯ ಅಪಾಯ ಜಾಸ್ತಿ, ಕಟ್‌ಗಳೂ ಸರಿಯಾಗಿ ಬೇರೆಯಾಗುವುದಿಲ್ಲ. ವಿದ್ಯುತ್ ಒಲೆ, ತೆರೆದ ಕಿಟಕಿ, ಪಕ್ಕದಲ್ಲಿ ನೀವು. ಎದ್ದು ಹೋಗಬೇಡಿ.

ಧಾರೆ ದಾರದಷ್ಟು ಸಣ್ಣಗಿರಲಿ. ಮೊದಲ 50 ಮಿಲಿ ಚೆಲ್ಲಿ. ಆಮೇಲೆ 200 ಮಿಲಿಯ ಚಿಕ್ಕ ಜಾಡಿಗಳಲ್ಲಿ ಹಿಡಿಯಿರಿ, ಪ್ರತಿಯೊಂದಕ್ಕೂ ನಂಬರ್ ಬರೆಯಿರಿ. ಧಾರೆ 40%ಗೆ ಇಳಿಯುವವರೆಗೆ ಸುಮಾರು 18 ಜಾಡಿ ತುಂಬುತ್ತವೆ. ಹೈಡ್ರೋಮೀಟರ್ (ಆಲ್ಕೊಹಾಲ್ ಪ್ರಮಾಣ ಅಳೆಯುವ ಸಾಧನ) 20 ಡಿಗ್ರಿಗೆ ಹೊಂದಿಸಿದ್ದು, ಬೆಚ್ಚಗಿದ್ದರೆ ಜಾಸ್ತಿ ತೋರಿಸುತ್ತದೆ. ಅವತ್ತು ಏನನ್ನೂ ತೀರ್ಮಾನಿಸಬೇಡಿ. ಜಾಡಿಗಳ ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ದಿನ ಬಿಡಿ, ಒಂದಷ್ಟು ಘಾಟು ತಾನಾಗಿ ಹಾರಿಹೋಗುತ್ತದೆ.

ಮಾರನೇ ದಿನ ಬೆಳಿಗ್ಗೆ, ಕಾಫಿಗೂ ಮುಂಚೆ, ನಡುವಿನ ಜಾಡಿಯಿಂದ ಶುರು ಮಾಡಿ. ಒಂದು ಚಮಚ ತೆಗೆದು ಎರಡು ಚಮಚ ನೀರು ಬೆರೆಸಿ ಮೂಸಿ. ನಾಲಿಗೆಗೆ ಎರಡು ಹನಿ, ಮತ್ತೆ ಉಗುಳಿ. ಅದು ಚೆನ್ನಾಗಿಯೇ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಜಾಡಿ ಹೋಗಿ, ಘಾಟು ಎದ್ದಲ್ಲಿ ನಿಲ್ಲಿ. ಮತ್ತೆ ನಡುವಿನಿಂದ ಮುಂದಕ್ಕೆ. ಮೊದಲ ಜಾಡಿಯಿಂದಲೇ ಶುರು ಮಾಡಿದರೆ ಮೂಗು ಸತ್ತುಹೋಗುತ್ತದೆ, ಆಮೇಲೆ ಎಲ್ಲವೂ ಒಂದೇ.

ಕಡಲಾಚೆ:
ಸರ್, ಮಾಡಿದೆ. 18 ಜಾಡಿ ತುಂಬಿದವು. 1ರಿಂದ 3ರವರೆಗೆ ಅದೇ ಅಂಟಿನ ವಾಸನೆ. 5ರಿಂದ 12 ಸಿಹಿಯಾಗಿ, ಹಗುರವಾಗಿ ಇವೆ. ನನ್ನ ಕೈಯಿಂದ ಇಂಥದ್ದು ಬಂದೀತು ಅಂತ ಅಂದುಕೊಂಡಿರಲಿಲ್ಲ. 15ರಿಂದ ಮುಂದೆ ಗೋಣಿಚೀಲ, ಅನುಮಾನವೇ ಇಲ್ಲ. 4, 13, 14ರಲ್ಲಿ ಸಿಕ್ಕಿಕೊಂಡಿದ್ದೇನೆ. 4ರಲ್ಲಿ ಹಣ್ಣಿನ ವಾಸನೆ ಇದೆ, ಆದರೆ ಗಂಟಲಿಗೆ ಚುರ್ ಅನ್ನುತ್ತದೆ. 13ರಲ್ಲಿ ಹುರಿದ ಧಾನ್ಯ, ಬಿಸ್ಕತ್ತಿನ ಹಾಗೆ, ಆದರೆ ಸ್ವಲ್ಪ ದಪ್ಪ. ಅಲ್ಲಿ ಓದಿದ್ದು 58%. 14 ಅದಕ್ಕಿಂತ ಭಾರ.

ತಾಮ್ರದ ಹಂಡೆ:
ಇದೇ ಖುಷಿಯ ಘಟ್ಟ!

ಮೊದಲು 5ರಿಂದ 12ನ್ನು ಕೂಡಿಸಿ. ಅದರಿಂದ ಎಂಟು ಚಮಚ ಲೋಟಕ್ಕೆ ಹಾಕಿ, ಒಂದು ಚಮಚ 13 ಬೆರೆಸಿ ಮೂಸಿ. ಜಾಡಿಯನ್ನು ಒಂಟಿಯಾಗಿ ಮೂಸಿದ್ದಕ್ಕೂ ಬೆರೆಸಿ ಮೂಸಿದ್ದಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ. ಮಾಲ್ಟಿನ ರುಚಿ ಬಹಳಷ್ಟು ಟೇಲ್ಸ್‌ನ ಹೊಸ್ತಿಲಲ್ಲೇ ಕೂತಿರುತ್ತದೆ. ಸ್ಕಾಟ್ಲೆಂಡಿನ ಎಷ್ಟೋ ಕಡೆ 60ರ ಆಸುಪಾಸಿನವರೆಗೂ ಹಾರ್ಟ್ಸ್ ಹಿಡಿಯುತ್ತಾರೆ. ಅವರಿಗೆ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕಾಯಬೇಕೆಂಬ ನಿಯಮವೇ ಇದೆ. ದಪ್ಪ ರುಚಿ ಅಷ್ಟರಲ್ಲಿ ಮೆತ್ತಗಾಗುತ್ತದೆ. ನೀವು ಎಷ್ಟು ದಿನ ಇಡುತ್ತೀರಿ?

ಕಡಲಾಚೆ:
ಗಾಜಿನ ಜಾಡಿಯಲ್ಲಿ ಓಕ್ ತುಂಡು ಹಾಕಿ ಎಂಟು ತಿಂಗಳು. ಯುಗಾದಿಗೆ ಅಪ್ಪ-ಅಮ್ಮ ಇಲ್ಲಿಗೆ ಬರುತ್ತಿದ್ದಾರೆ.

ತಾಮ್ರದ ಹಂಡೆ:
ಹಾಗಾದರೆ 13 ಸೇರಿಸಿ, 14 ಬಿಡಿ. 4 ಕೂಡ ಬೇಡ. ಒಂದು ಜಾಡಿ ಹೆಡ್ಸ್ ಇಡೀ ಜಾಡಿಗಳ ಸಾಲನ್ನೇ ಕೆಡಿಸುತ್ತದೆ, ಎಂಟು ತಿಂಗಳಲ್ಲಿ ಆ ಚುರುಕು ಹೋಗುವುದಿಲ್ಲ. ಕೂಡಿಸಿದ್ದನ್ನು 60%ಗೆ ಇಳಿಸಿ ಓಕ್ ಹಾಕಿ. 2, 3, 4 ಮತ್ತು 14ರಿಂದ 18ನ್ನು ಒಟ್ಟಿಗೆ ಮುಚ್ಚಿಟ್ಟು, ಮುಂದಿನ ಸಲದ ಎರಡನೇ ಸುತ್ತಿಗೆ ಸುರಿಯಿರಿ. 1ನ್ನು ಚೆಲ್ಲಿ.