ಅರೋರಾ ನೋಡೋಕೆ, ಫೋಟೋ ತೆಗೆಯೋಕೆ ಮಾರ್ಚ್‌ನಲ್ಲಿ ಎಲ್ಲಿಗೆ ಹೋಗೋದು: ಟ್ರೋಮ್ಸೋ, ಅಬಿಸ್ಕೋ, ಐಸ್‌ಲ್ಯಾಂಡ್?

ಜಯನಗರ_ಕ್ಲಿಕ್ಸ್:
ಎಲ್ರಿಗೂ ನಮಸ್ಕಾರ. ನಾರ್ದರ್ನ್ ಲೈಟ್ಸ್, ಅಂದ್ರೆ ಅರೋರಾ ನೋಡ್ಬೇಕು ಅನ್ನೋದು ನನಗೂ ನನ್ನ ಹೆಂಡ್ತಿಗೂ ತುಂಬಾ ವರ್ಷದ ಆಸೆ, ಮಾರ್ಚ್‌ನಲ್ಲಿ ಒಂದು ವಾರ ರಜೆ ಸಿಗೋ ಹಾಗಿದೆ. ನಾರ್ವೆಯ ಟ್ರೋಮ್ಸೋ, ಸ್ವೀಡನ್‌ನ ಅಬಿಸ್ಕೋ, ಐಸ್‌ಲ್ಯಾಂಡ್ ಮೂರರಲ್ಲಿ ಯಾವ್ದು ಅಂತ ತಲೆ ಕೆಡ್ತಿದೆ. ಆ್ಯಪ್‌ನಲ್ಲಿ ಕೆಪಿ (ಭೂಕಾಂತ ಚಟುವಟಿಕೆ ಅಳೆಯೋ 0ರಿಂದ 9ರ ಸೂಚ್ಯಂಕ) ಬರೀ 2, 3 ತೋರಿಸ್ತಿರುತ್ತೆ, ಅಷ್ಟಕ್ಕೆ ಏನಾದ್ರೂ ಕಾಣುತ್ತಾ? ಕ್ಯಾಮೆರಾ ಕ್ರಾಪ್ ಸೆನ್ಸರ್, ಜೊತೆಗೆ 18-55 ಕಿಟ್ ಲೆನ್ಸ್. ಹಿಮದ ಮೇಲೆ ಕಾರ್ ಓಡಿಸಿ ಅಭ್ಯಾಸ ಇಲ್ಲ. 2024ರ ಮೇನಲ್ಲಿ ಲಡಾಖ್‌ನ ಹಾನ್ಲೆಯಿಂದ ತೆಗೆದ ಕೆಂಪು ಆಕಾಶದ ಫೋಟೋ ನೋಡಿ ಫ್ರೆಂಡ್ ಒಬ್ಬ ಲಡಾಖ್‌ಗೇ ಹೋಗಿ ಅಂತಿದಾನೆ, ಅದು ಆಗೋ ಮಾತಾ?

ಸ್ಟಾಕ್‌ಹೋಮ್_ಕನ್ನಡಿಗ:
ಕೆಪಿ ಬಿಟ್ಬಿಡಿ, ಮೋಡದ ಮ್ಯಾಪ್ ನೋಡಿ. ಟ್ರೋಮ್ಸೋ, ಅಬಿಸ್ಕೋ ಎರಡೂ ಅರೋರಾ ವಲಯದ ಕೆಳಗೇ ಇರೋದ್ರಿಂದ ಕೆಪಿ 2 ಇದ್ರೂ ತಲೆ ಮೇಲೇ ಕುಣಿಯುತ್ತೆ, ಕೆಪಿ ಜಾಸ್ತಿ ಬೇಕಾಗೋದು ದಕ್ಷಿಣದಲ್ಲಿ ಇರೋರಿಗೆ. ಅಲ್ಲಿ ಟ್ರಿಪ್ ಹಾಳು ಮಾಡೋದು ಮೋಡ ಒಂದೇ. ಟ್ರೋಮ್ಸೋ ಸಮುದ್ರದ ಪಕ್ಕ, ಮೋಡ ಜಾಸ್ತಿ, ಅದಕ್ಕೇ ಅಲ್ಲಿನ ಟೂರ್ ವ್ಯಾನ್‌ಗಳು ಎಷ್ಟೋ ರಾತ್ರಿ ಸ್ಕಿಬೋಟ್ನ್ ದಾಟಿ ಫಿನ್‌ಲ್ಯಾಂಡಿನ ಕಿಲ್ಪಿಸ್‌ಯಾರ್ವಿ ತನಕ ಓಡ್ತವೆ. ಅಬಿಸ್ಕೋ ಬೆಟ್ಟದ ಈಚೆ ಮಳೆನೆರಳಲ್ಲಿದೆ, ವರ್ಷಕ್ಕೆ ಸುಮಾರು 300 ಮಿ.ಮೀ. ಅಷ್ಟೇ. ಆಗುಂಬೆಲಿ ಹೊಡೀತಿರುವಾಗ ಚಿತ್ರದುರ್ಗದಲ್ಲಿ ಬಿಸಿಲಿರುತ್ತಲ್ಲ, ಅದೇ ಲೆಕ್ಕ. ಕಾರೂ ಬೇಡ, ಕಿರುನಾದಿಂದ ಟ್ರೈನ್ ಇದೆ, ಇಳಿದು ಬೀದಿದೀಪ ಬಿಟ್ಟು ಸ್ವಲ್ಪ ನಡೆದ್ರೆ ಸಾಕು ಕತ್ತಲೆ. ಲಾಪ್‌ಪೋರ್ಟನ್ ಅನ್ನೋ ಯು ಆಕಾರದ ಕಣಿವೆ ಇಟ್ಕೊಂಡು ಫ್ರೇಮ್ ಮಾಡಿ, ತುಂಬಾ ಚೆನ್ನಾಗಿ ಬರುತ್ತೆ. ಮಾರ್ಚ್ ಒಳ್ಳೇ ಆಯ್ಕೆ, ಹಗಲು ರಾತ್ರಿ ಸಮ ಆಗೋ ಹೊತ್ತಲ್ಲಿ ಭೂಕಾಂತ ಚಟುವಟಿಕೆ ಸಾಮಾನ್ಯವಾಗಿ ಜಾಸ್ತಿ ಇರುತ್ತೆ. ಏಪ್ರಿಲ್‌ಗೆ ಮಾತ್ರ ತಳ್ಳಬೇಡಿ, ಕತ್ತಲೆ ಬೇಗ ಬೇಗ ಕಮ್ಮಿ ಆಗುತ್ತೆ.

ಕಡಲತೀರ:
ನೋಡೋಕೆ ಅಬಿಸ್ಕೋ ಸರಿ, ಆದ್ರೆ ಫೋಟೋಗೆ ನಾನು ಸಮುದ್ರದ ಕಡೆನೇ ಹೇಳ್ತೀನಿ. ಮಾರ್ಚ್‌ನಲ್ಲಿ ಅಬಿಸ್ಕೋ ಕೆರೆ ಪೂರ್ತಿ ಹೆಪ್ಪುಗಟ್ಟಿರುತ್ತೆ, ಪ್ರತಿಬಿಂಬ ಸಿಗಲ್ಲ. ಟ್ರೋಮ್ಸೋ ಹತ್ರದ ಎರ್ಸ್‌ಫ್ಯೋರ್ಡ್, ಇಲ್ಲಾಂದ್ರೆ ನಾರ್ವೆಯ ಲೋಫೋಟೆನ್ ದ್ವೀಪಗಳ ತೀರ, ಅಲ್ಲೆಲ್ಲ ಬೆಚ್ಚನೆ ಸಾಗರ ಪ್ರವಾಹದಿಂದ ಸಮುದ್ರದ ನೀರು ಹೆಪ್ಪುಗಟ್ಟಲ್ಲ, ಹಸಿರು ಕೆಳಗೂ ಮೇಲೂ. ಐಸ್‌ಲ್ಯಾಂಡ್‌ನ ಯೋಕುಲ್ಸಾರ್ಲೋನ್ ಅನ್ನೋ ಹಿಮನದಿ ಸರೋವರದಲ್ಲಿ ತೇಲೋ ಹಿಮಗಡ್ಡೆ ಜೊತೆ ತೆಗೆದ್ರೆ ಬೇರೆಲ್ಲೂ ಸಿಗದ ಚಿತ್ರ, ಆದ್ರೆ ಅಲ್ಲಿ ಗಾಳಿ ಜೋರು, ಮೋಡ ಬಿಟ್ಟ ಕಡೆ ನೀವೇ ಓಡಿಸ್ಕೊಂಡು ಹೋಗ್ಬೇಕು, ಹಿಮದಲ್ಲಿ ಅಭ್ಯಾಸ ಇಲ್ಲದೋರಿಗೆ ಬೇಡ.

ಧಾರವಾಡ_ಲೆನ್ಸ್:
ಕ್ಯಾಮೆರಾದ್ದು ನಾ ಹೇಳ್ತೇನ್ರಿ. ಕಿಟ್ ಲೆನ್ಸ್‌ಲೇನೂ ಬರತೈತಿ, ಆದ್ರ ಆಗೂದಾದ್ರ ಎಫ್ 2.8 ವೈಡ್ ಲೆನ್ಸ್ ಬಾಡಿಗಿಗೆ ತಗೋರಿ. 18ರಾಗ ಇಟ್ಟು ಅಪರ್ಚರ್ ಪೂರ್ತಿ ತೆರೀರಿ, ಐಎಸ್‌ಒ 3200, ಶಟರ್ 8-10 ಸೆಕೆಂಡ್. ಅರೋರಾ ಜೋರಾಗಿ ಓಡಾಕ ಹತ್ತಿತು ಅಂದ್ರ 2-3 ಸೆಕೆಂಡಿಗೆ ಇಳಸ್ರಿ, ಇಲ್ಲಂದ್ರ ಅರೋರಾದ ಪರದೆಯಂಥ ಮಡಿಕೆ ಎಲ್ಲಾ ಕಲಸಿ ಬರೇ ಹಸಿರು ಮಂಜು ಆಗತೈತಿ. ಆಟೋಫೋಕಸ್ ಬಂದ್ ಮಾಡಿ, ಲೈವ್ ವ್ಯೂದಾಗ ಒಂದು ನಕ್ಷತ್ರ ದೊಡ್ಡದು ಮಾಡ್ಕೊಂಡು ಚುಕ್ಕಿ ಆಗೂತನಕ ರಿಂಗ್ ತಿರುಗಿಸಿ ಟೇಪ್ ಹಚ್ರಿ. ಫೋಟೋ ರಾ (RAW) ಫಾರ್ಮ್ಯಾಟ್‌ನಾಗ ತಗೀರಿ. ಥಂಡಿಗೆ ಬ್ಯಾಟರಿ ಲಗೂನ ಇಳೀತಾವ, ಸ್ಪೇರ್ ಒಳಗಿನ ಕಿಸೇದಾಗ ಇರ್ಲಿ. ರೂಮಿಗೆ ಬರೋ ಮೊದ್ಲು ಹೊರಗ ಇದ್ದಾಗನ ಕ್ಯಾಮೆರಾ ಬ್ಯಾಗಿನಾಗ ಹಾಕಿ ಜಿಪ್ ಎಳೀರಿ, ಇಲ್ಲಂದ್ರ ಲೆನ್ಸ್ ತುಂಬ ನೀರು. ಇನ್ನೊಂದು, ಮಂದ ಅರೋರಾ ಕಣ್ಣಿಗೆ ಬೂದು ಮೋಡದಂಗ ಕಾಣತೈತಿ, ಸಂಶೇ ಬಂದ್ರ ಒಂದು ಟೆಸ್ಟ್ ಶಾಟ್ ತಗೀರಿ, ಹಸಿರು ಬಂತಂದ್ರ ಅದ ಅದು.

ಸ್ಟಾಕ್‌ಹೋಮ್_ಕನ್ನಡಿಗ:
ಹಾನ್ಲೆ ಬಗ್ಗೆ ಮರೆತೆ. ಅದು ತೀರಾ ಅಪರೂಪ, ಮೇ 10-11ರ ಭೂಕಾಂತ ಬಿರುಗಾಳಿ ಜಿ5, ಅಂದ್ರೆ ಅತಿ ಜೋರಾದ ಮಟ್ಟದ್ದು. ಹಸಿರು ಬೆಳಕು ಹುಟ್ಟೋದು ಸುಮಾರು 100 ಕಿ.ಮೀ. ಎತ್ತರದಲ್ಲಿ, ಕೆಂಪು 200 ಕಿ.ಮೀ. ಮೇಲೆ, ಎತ್ತರದ್ದು ಭೂಮಿಯ ಬಾಗಿನಾಚೆಯಿಂದಲೂ ಕಾಣುತ್ತೆ, ಅದಕ್ಕೇ ಅಷ್ಟು ದೂರದ ಲಡಾಖ್‌ಗೂ ಕೆಂಪು ಮಾತ್ರ ಕಂಡಿದ್ದು. ಅಲ್ಲಿನ ವೀಕ್ಷಣಾಲಯ ನಡೆಸೋದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆನೇ, ಹೆಮ್ಮೆ ಪಡೋ ವಿಷ್ಯ. ಹಾನ್ಲೆಗೆ ನಕ್ಷತ್ರ ನೋಡೋಕೆ ಖಂಡಿತ ಹೋಗಿ, ಅರೋರಾ ನಂಬ್ಕೊಂಡು ಟಿಕೆಟ್ ಬುಕ್ ಮಾಡ್ಬೇಡಿ.

ಜಯನಗರ_ಕ್ಲಿಕ್ಸ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಜಾಸ್ತಿ ರಾತ್ರಿ ಅಬಿಸ್ಕೋದಲ್ಲಿ ಇದ್ದು ಕೊನೇಗೆ ಟ್ರೋಮ್ಸೋಗೆ ಹೋದ್ರೆ ಹೇಗೆ? ಕಾರಿಲ್ದೆ ಹೋಗೋಕಾಗುತ್ತಾ? ಹುಣ್ಣಿಮೆ ತಪ್ಪಿಸ್ಬೇಕಾ?

ಕಡಲತೀರ:
ಆಗುತ್ತೆ, ಅಬಿಸ್ಕೋದಿಂದ ನಾರ್ವಿಕ್‌ಗೆ ಟ್ರೈನ್, ಅಲ್ಲಿಂದ ಟ್ರೋಮ್ಸೋಗೆ ಬಸ್, ಆದ್ರೆ ಎರಡರ ಟೈಮ್ ಕೂಡುತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ. ಹುಣ್ಣಿಮೆಲಿ ಮಂದ ಅರೋರಾ ಮುಚ್ಚಿ ಹೋಗುತ್ತೆ. ಅರ್ಧ ಚಂದ್ರ ಇರೋ ವಾರ ಸಿಕ್ರೆ ಬಿಡ್ಬೇಡಿ, ಬೆಟ್ಟದ ಹಿಮಕ್ಕೆ ಹದವಾಗಿ ಬೆಳಕು ಬೀಳುತ್ತೆ, ಮುಂಭಾಗ ಕಪ್ಪಾಗಲ್ಲ.