ಈಗ್ರೆಸ್‌ಗೆ ‘ಜಾವಕ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಕ್ಲೌಡ್ ಬಿಲ್ ಓದುವುದನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದೇನೆ. ಕಂಟೇನರ್ ಇಮೇಜ್ ರಿಜಿಸ್ಟ್ರಿಯ ಬಿಲ್ಲಿಗೆ ಬಂದಾಗ ಒಂದು ಪದಕ್ಕೆ ತಡವರಿಸಿದೆ. ಇಮೇಜ್ ಅಂದರೆ ಒಂದು ತಂತ್ರಾಂಶ ಓಡಲು ಬೇಕಾದದ್ದನ್ನೆಲ್ಲ ಲೇಯರ್ ಮೇಲೆ ಲೇಯರ್ ಆಗಿ ಕಟ್ಟಿಟ್ಟ ಗಂಟು, ರಿಜಿಸ್ಟ್ರಿ ಅಂದರೆ ಅಂಥ ಗಂಟುಗಳನ್ನು ಇಡುವ ಜಾಗ. ಇಮೇಜ್, ರಿಜಿಸ್ಟ್ರಿ ಹಾಗೇ ಇರಲಿ. ಲೇಯರ್‌ಗೆ ‘ಪದರ’ ಸಲೀಸಾಗಿ ಒಗ್ಗುತ್ತದೆ. ಸ್ಟೋರೇಜ್ ಬಾಬತ್ತಿಗೆ ಹುಡುಗರೇ ‘ಗೋದಾಮಿನ ಬಾಡಿಗೆ’ ಅಂದರು. ತೊಡಕು ಇರುವುದು ಈಗ್ರೆಸ್‌ನಲ್ಲಿ, ಅಂದರೆ ಡೇಟಾ ಕ್ಲೌಡಿನಿಂದ ಹೊರಗೆ ಹೋಗುವುದರಲ್ಲಿ. ದುಡ್ಡು ಸೋರುವುದೂ ಅಲ್ಲೇ.

ಅಮೆಜಾನಿನ ರಿಜಿಸ್ಟ್ರಿ ಸೇವೆಯಾದ ಇಸಿಆರ್ ನೋಡಿ. ಇಮೇಜ್ ಇಡುವುದಕ್ಕೆ ತಿಂಗಳಿಗೆ ಜಿಬಿಗೆ 10 ಸೆಂಟ್. ವರ್ಜೀನಿಯಾ ಕೇಂದ್ರದಿಂದ ಇಂಟರ್‌ನೆಟ್ಟಿಗೆ ಹೊರಬಿದ್ದರೆ, ತಿಂಗಳ ಮೊದಲ 100 ಜಿಬಿ ಬಿಟ್ಟು, ಜಿಬಿಗೆ 9 ಸೆಂಟ್. ಒಳಗೆ ಬರುವುದಕ್ಕೆ ಕಾಸಿಲ್ಲ, ಅದೇ ರೀಜನ್ನಿನ (ಅಮೆಜಾನಿನ ಅದೇ ಪ್ರದೇಶದ) ಸರ್ವರ್ ಎಳೆದುಕೊಂಡರೂ ಇಲ್ಲ. 800 ಎಂಬಿಯ ಇಮೇಜನ್ನು ತಿಂಗಳಿಡೀ ಇಟ್ಟರೆ 8 ಸೆಂಟ್ ಅಷ್ಟೇ. ಅದನ್ನೇ ಆಫೀಸಿನ ಬಿಲ್ಡ್ ಮಷಿನ್ (ತಂತ್ರಾಂಶ ಕಟ್ಟುವ ಕಂಪ್ಯೂಟರ್) ದಿನಕ್ಕೆ 20 ಸಲ ಪೂರ್ತಿ ಎಳೆದುಕೊಂಡರೆ ತಿಂಗಳಿಗೆ 480 ಜಿಬಿ, ಮೊದಲ 100 ಕಳೆದರೂ 34 ಡಾಲರ್ ದಾಟಿತು. ಹಳೆಯ ಪದರಗಳನ್ನು ಮಷಿನ್ ತನ್ನಲ್ಲೇ ಉಳಿಸಿಕೊಂಡಿದ್ದರೆ ಬದಲಾದ ಪದರವಷ್ಟೇ ಬರುತ್ತಿತ್ತು.

ಇದಕ್ಕೆ ‘ನಿರ್ಗಮನ ಶುಲ್ಕ’ ಅಂದರೆ ಬಸ್ ನಿಲ್ದಾಣದ ಬಾಗಿಲು ಕಣ್ಣಿಗೆ ಬರುತ್ತದೆ. ‘ಹೊರಹರಿವು’ ಚೆಂದದ ಮಾತು, ಆದರೆ ಅದು ಜಲಾಶಯದ್ದು: ನೀರು ಬಿಟ್ಟಷ್ಟೂ ಒಡಲು ತಗ್ಗುತ್ತದೆ. ಇಮೇಜ್ ಹಾಗಲ್ಲ, ಎಷ್ಟು ಸಲ ಹೊರಗೆ ಹೋದರೂ ಮೂಲ ಅಲ್ಲೇ ಇರುತ್ತದೆ.

ಆಗ ನೆನಪಾದದ್ದು ನಮ್ಮ ಕಡೆ ಕಚೇರಿಗಳ ಆವಕ-ಜಾವಕ ಪುಸ್ತಕ, ಅಂದರೆ ಒಳಬಂದ, ಹೊರಹೋದ ಟಪಾಲಿನ ಲೆಕ್ಕ. “ಜಾವಕ ನಂಬರ್ ಹಾಕಿಸ್ಕೊಂಡ ಬರ್ರಿ” ಅಂತ ಗುಮಾಸ್ತರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಪತ್ರ ಹೊರಗೆ ಹೋಗುತ್ತದೆ, ಕಚೇರಿ ಪ್ರತಿ ಫೈಲಿನಲ್ಲಿ ಉಳಿಯುತ್ತದೆ, ಹೋದದ್ದಕ್ಕೆ ಲೆಕ್ಕ ಬೀಳುತ್ತದೆ. ರಿಜಿಸ್ಟ್ರಿಯಲ್ಲಿ ನಡೆಯುವುದೂ ಇದೇ. ‘ಆವಕ’ವಂತೂ ಅಮರಗೋಳದ ಎಪಿಎಂಸಿಗೆ ಮಾಲು ತರುವ ಪ್ರತಿ ರೈತನಿಗೂ ಗೊತ್ತು. ‘ಆವಕ ಪುಕ್ಕಟೆ, ಜಾವಕಕ್ಕೆ ದರ’ ಅಂದಾಗ ತರಗತಿಯಲ್ಲಿ ಯಾರೂ ಮತ್ತೆ ಅರ್ಥ ಕೇಳಲಿಲ್ಲ.

ನನ್ನ ಅಳುಕು ಇಷ್ಟೇ: ಮೈಸೂರು, ಮಂಗಳೂರು ಕಡೆಯವರಿಗೆ ‘ಆವಕ’ ಪತ್ರಿಕೆಯ ಪೇಟೆ ಸುದ್ದಿಯಿಂದ ಪರಿಚಿತವಿರಬಹುದು, ‘ಜಾವಕ’ ಇದೆಯೇ? ನಿಮ್ಮ ಕಚೇರಿಗಳಲ್ಲಿ ಹೊರಹೋಗುವ ಟಪಾಲಿನ ಪುಸ್ತಕಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ? ‘ರವಾನೆ’ಯೋ, ಬೇರೆಯೋ? ಬಲ್ಲವರು ದಯವಿಟ್ಟು ತಿಳಿಸಿ. ಪಾಠದ ಪ್ರತಿ ಅಚ್ಚಿಗೆ ಕೊಡುವ ಮುಂಚೆ ತಿದ್ದಿಕೊಳ್ಳುತ್ತೇನೆ.