ದೀಪದ ಚಿತ್ರ ಮತ್ತು ಕೈಗವಸಿನ ಅಳತೆ

ಚಿಕ್ಕಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಅದರಿಂದ ಶುರುವಾದ ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು. ಎಲ್ಲರ ಒಪ್ಪಿಗೆ ಪಡೆದು, ನಡುವೆ ಬಂದ ಹುಟ್ಟುಹಬ್ಬದ ಶುಭಾಶಯಗಳನ್ನು ತೆಗೆದು, ಉಳಿದದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಚಿಕ್ಕಪ್ಪ: (ದೀಪ ಹಿಡಿದು ನಿಂತ ನರ್ಸ್ ಚಿತ್ರ. ಕೆಳಗೆ ಬರಹ: “ಸೇವೆ ಹೆಣ್ಣಿನ ಹುಟ್ಟುಗುಣ. ತಾಯಿಯ ಕರುಳಿರುವ ಕಡೆ ಸಂಸ್ಥೆ ಬೆಳೆಯುತ್ತದೆ.”) ಎಲ್ಲರೂ ಓದಿ. ಬಹಳ ಅರ್ಥಪೂರ್ಣವಾಗಿದೆ.

ಚಿಕ್ಕಮ್ಮ: ನಿಜವಾದ ಮಾತು.

ನಾನು: ಚಿಕ್ಕಪ್ಪ, ಬೇಸರ ಮಾಡಿಕೊಳ್ಳಬೇಡಿ. ಈ ಬರಹ ನನಗೆ ಹಿಡಿಸಲಿಲ್ಲ.

ಚಿಕ್ಕಪ್ಪ: ಹೊಗಳಿದರೂ ತಪ್ಪೇನಮ್ಮಾ?

ನಾನು: ಈ ಹೊಗಳಿಕೆಯೊಳಗೇ ಒಂದು ಬೇಲಿ ಇದೆ. ಹುಟ್ಟುಗುಣ ಎಂದುಬಿಟ್ಟರೆ ಅದನ್ನು ಕಲಿತೆ ಎನ್ನುವ ಹಾಗಿಲ್ಲ, ಅದಕ್ಕೆ ಸಂಬಳ ಕೇಳುವ ಹಾಗಿಲ್ಲ. ಅಧಿಕಾರ ಕೇಳಿದರಂತೂ ಗುಣಕ್ಕೇ ಕುಂದು. ಚಿತ್ರದಲ್ಲಿರುವ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನೇ ತೆಗೆದುಕೊಳ್ಳಿ. 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದರು, ರಾತ್ರಿ ದೀಪ ಹಿಡಿದು ವಾರ್ಡು ಸುತ್ತಿದರು. ಇಷ್ಟು ಎಲ್ಲರಿಗೂ ಗೊತ್ತು. ಯುದ್ಧ ಮುಗಿದ ಮೇಲೆ ಅವರು ಸಾವಿನ ಲೆಕ್ಕ ಹಿಡಿದು ಕುಳಿತರು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತ ಸೈನಿಕರೇ ಬಹಳ ಹೆಚ್ಚು ಎಂಬುದನ್ನು, ತಿಂಗಳಿಗೊಂದು ಎಸಳಿನಂತೆ ಬಣ್ಣ ಹಚ್ಚಿದ ದುಂಡನೆಯ ನಕ್ಷೆ ಬರೆದು ಸರ್ಕಾರದ ಮುಂದಿಟ್ಟರು. ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು. ನೀಲಿ ಎಸಳುಗಳು ಉಳಿದೆಲ್ಲವನ್ನೂ ನುಂಗಿಹಾಕಿವೆ. ಆ ನಕ್ಷೆಯನ್ನು ಯಾರೂ ಹೀಗೆ ಹಂಚಿಕೊಳ್ಳುವುದಿಲ್ಲ. ಅಂದ ಹಾಗೆ, ಅವರು ಹಿಡಿದದ್ದು ಚಿತ್ರದಲ್ಲಿರುವಂಥ ಎಣ್ಣೆದೀಪವೂ ಅಲ್ಲ, ಟರ್ಕಿಯ ಮಡಚುವ ಲಾಂದ್ರ.

ಚಿಕ್ಕಮ್ಮ: ನೀನು ಏನೇ ಹೇಳು, ತಾಯಿಯ ಕರುಳು ಎನ್ನುವುದು ಸುಳ್ಳಲ್ಲ. ಮಕ್ಕಳಿಗಾಗಿ ಮಿಡಿಯುವುದು ಹೆಣ್ಣೇ.

ನಾನು: ಚಿಕ್ಕಮ್ಮ, ಅದಕ್ಕೆ ಎಗ್ಲಂಟೈನ್ ಜೆಬ್ ಅವರ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಮೊದಲ ಮಹಾಯುದ್ಧ ಮುಗಿದರೂ ಮಿತ್ರರಾಷ್ಟ್ರಗಳ ದಿಗ್ಬಂಧನ ಮುಗಿದಿರಲಿಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. ಬ್ರಿಟನ್ನಿನಲ್ಲಿ ಅವು ಶತ್ರುವಿನ ಮಕ್ಕಳು. 1919ರಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎಲುಬುಗೂಡಾದ ಆಸ್ಟ್ರಿಯಾದ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದರು. ಅನುಮತಿ ಇಲ್ಲದೆ ಹಂಚಿದ್ದಕ್ಕೆ ಬಂಧನ, ಮೊಕದ್ದಮೆ, ಐದು ಪೌಂಡ್ ದಂಡ. ತೀರ್ಪಾದ ಮೇಲೆ ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಐದು ಪೌಂಡನ್ನು ಅವರ ಕೈಗಿತ್ತರು. ಸೇವ್ ದ ಚಿಲ್ಡ್ರನ್ ಸಂಸ್ಥೆಗೆ ಬಂದ ಮೊದಲ ದೇಣಿಗೆ ಎಂದು ನೆನೆಯುವುದು ಅದನ್ನೇ. ಆ ಸಂಸ್ಥೆಯನ್ನು ಅವರು ತಂಗಿ ಡೊರೊಥಿ ಬಕ್ಸ್‌ಟನ್ ಜೊತೆ ಅದೇ ವರ್ಷ ಕಟ್ಟಿದರು. ಮಕ್ಕಳ ಹಕ್ಕುಗಳ ಘೋಷಣೆಯನ್ನು ಬರೆದರು, 1924ರಲ್ಲಿ ರಾಷ್ಟ್ರಗಳ ಒಕ್ಕೂಟ ಅದನ್ನು ಅಂಗೀಕರಿಸಿತು. ಇಷ್ಟೆಲ್ಲ ಮಾಡಿದ ಜೆಬ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದ್ದರು, ಆದರೆ ಮಕ್ಕಳ ಒಡನಾಟ ಅವರಿಗೆ ಒಗ್ಗಿರಲಿಲ್ಲ. ಅವರನ್ನು ನಡೆಸಿದ್ದು ನ್ಯಾಯದ ಲೆಕ್ಕ. ಮಗು ಯಾವ ದೇಶದ್ದಾದರೂ ಯುದ್ಧ ಹೂಡಿದ್ದು ಮಗುವಲ್ಲ.

ಚಿಕ್ಕಮ್ಮ: ಇದು ನನಗೆ ತಿಳಿದಿರಲಿಲ್ಲ. ಆದರೂ ಒಂದು ಮಾತು. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಎರಡು ವರ್ಷ ನೋಡಿಕೊಂಡವಳು ನಾನು. ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಅಮ್ಮ: ಕೊಟ್ಟಿದ್ದೆನಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಕಾಲಡಿ ದಿಂಬು ಇಡುವುದು, ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡುವುದು. ನೀನು ಗಡಿಯಾರಕ್ಕೆ ಅಲಾರಾಂ ಇಟ್ಟು ರಾತ್ರಿಯೂ ಎದ್ದು ಮಾಡಿದೆ. ಎರಡು ವರ್ಷದಲ್ಲಿ ಅವರ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಆಸ್ಪತ್ರೆಗಳಲ್ಲೇ ಅದು ಕಷ್ಟ. ಹುಟ್ಟುಗುಣ ಎಂದು ಅದನ್ನು ಸಣ್ಣದು ಮಾಡಿಕೊಳ್ಳಬೇಡ.

ಚಿಕ್ಕಮ್ಮ: ಅಕ್ಕಾ…

(ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.)

ತಮ್ಮ (ಚಿಕ್ಕಪ್ಪನ ಮಗ): ಅಕ್ಕ, ಇದೆಲ್ಲ ಹಳೆಯ ಕಾಲದ ಜಗಳವಾಗಲಿಲ್ಲವೇ? ವಿಶ್ವ ಆರೋಗ್ಯ ಸಂಸ್ಥೆಗೆ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್, ಮಾರ್ಗರೆಟ್ ಚಾನ್ ಮುಖ್ಯಸ್ಥರಾಗಿದ್ದರು. ಯುನಿಸೆಫ್ ಅನ್ನು ಕ್ಯಾರಲ್ ಬೆಲ್ಲಮಿ ಹತ್ತು ವರ್ಷ ನಡೆಸಿದರು. ಬಾಗಿಲು ತೆರೆದಿದೆ.

ನಾನು: ತೆರೆದದ್ದು ಎಷ್ಟು ನಿಧಾನವಾಗಿ ಎಂದು ನೋಡು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಹುಟ್ಟಿದ್ದು 1863ರಲ್ಲಿ. ಮೊದಲ ಮಹಿಳಾ ಸದಸ್ಯೆಯಾಗಿ ಮಾರ್ಗರೀಟ್ ಫ್ರಿಕ್-ಕ್ರಾಮರ್ ಸೇರಿದ್ದು 1918ರಲ್ಲಿ. ಮೊದಲ ಮಹಿಳಾ ಅಧ್ಯಕ್ಷೆ ಮಿರ್ಯಾನಾ ಸ್ಪೊಲ್ಯಾರಿಚ್ ಅಧಿಕಾರ ವಹಿಸಿಕೊಂಡದ್ದು 2022ರ ಅಕ್ಟೋಬರ್‌ನಲ್ಲಿ. ಸದಸ್ಯೆಯ ಕುರ್ಚಿಯಿಂದ ಅಧ್ಯಕ್ಷೆಯ ಕುರ್ಚಿಗೆ ನೂರು ವರ್ಷದ ಮೇಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯೇ 2019ರ ವರದಿಯಲ್ಲಿ ಹೇಳಿದ ಲೆಕ್ಕ ಇನ್ನೊಂದು: ಆರೋಗ್ಯ ಮತ್ತು ಸಾಮಾಜಿಕ ಸೇವೆಯಲ್ಲಿ ದುಡಿಯುವವರಲ್ಲಿ ಸುಮಾರು ಶೇ 70ರಷ್ಟು ಮಹಿಳೆಯರು, ಹಿರಿಯ ಹುದ್ದೆಗಳಲ್ಲಿ ಶೇ 25.

ಅಣ್ಣ: ಅರ್ಹತೆ ಇದ್ದವರು ಮೇಲೆ ಬರಲಿ. ಗಂಡೋ ಹೆಣ್ಣೋ ಎನ್ನುವುದು ನನಗೆ ಮುಖ್ಯವಲ್ಲ. 1980ರ ದಶಕದಲ್ಲಿ ಲಸಿಕೆಯನ್ನು ಮತ್ತು ಭೇದಿಯಾದಾಗ ಕುಡಿಸುವ ಓಆರ್‌ಎಸ್ ಅನ್ನು ಜಗತ್ತಿನ ಮೂಲೆಮೂಲೆಗೆ ತಲುಪಿಸಲು ಪಟ್ಟು ಹಿಡಿದ ಯುನಿಸೆಫ್‌ನ ಜೇಮ್ಸ್ ಗ್ರಾಂಟ್ ಗಂಡಸು. ಅಮೆರಿಕದ ರೆಡ್‌ಕ್ರಾಸ್ ಅನ್ನು 1881ರಲ್ಲಿ ಕಟ್ಟಿದ ಕ್ಲಾರಾ ಬಾರ್ಟನ್, ಲೆಕ್ಕಪತ್ರದ ಬಗ್ಗೆ, ಎಲ್ಲವನ್ನೂ ತಾವೇ ನಡೆಸುವ ರೀತಿಯ ಬಗ್ಗೆ ಟೀಕೆ ಬಂದು 1904ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಇದನ್ನೂ ಹೇಳಬೇಕಲ್ಲ?

ನಾನು: ಹೇಳಲೇಬೇಕು. ಬಾರ್ಟನ್ ಅವರ ಮಾತು ನನ್ನ ಕಡೆಗೇ ಬರುತ್ತದೆ ಅಣ್ಣ. ಹೆಣ್ಣು ಕರುಣೆಯ ಗೊಂಬೆಯಲ್ಲ. ತಪ್ಪು ಮಾಡಬಲ್ಲಳು, ಲೆಕ್ಕ ಒಪ್ಪಿಸಬೇಕಾದವಳು. ಗ್ರಾಂಟ್ ದೊಡ್ಡ ಕೆಲಸ ಮಾಡಿದವರು ಎನ್ನುವುದರಲ್ಲೂ ತಕರಾರಿಲ್ಲ. ಓಆರ್‌ಎಸ್ ಎತ್ತಿದೆಯಲ್ಲ, ಬಾಂಗ್ಲಾದೇಶದಲ್ಲಿ 1980ರಿಂದ 1990ರವರೆಗೆ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ನಡೆದುಹೋಗಿ ತಾಯಂದಿರಿಗೆ ಅದನ್ನು ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿ ತಾನೇ ಕಲಸಿ ತೋರಿಸಬೇಕು. ಬೇರೆಯವರು ಬಂದು ಪರೀಕ್ಷಿಸಿದಾಗ ತಾಯಂದಿರಿಗೆ ಎಷ್ಟು ನೆನಪಿದೆಯೋ ಅಷ್ಟು ಕೂಲಿ. ಸಂಸ್ಥಾಪಕರಾದ ಫಜ್ಲೆ ಹಸನ್ ಅಬೇದ್ ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದ ಹೆಸರೇ. ನಡೆದುಹೋದವರನ್ನು ಮಾತ್ರ ನಾವು “ಕಾರ್ಯಕರ್ತೆಯರು” ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅರ್ಹತೆ ಎಂದೆಯಲ್ಲ, ಅವರ ಅರ್ಹತೆಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀಯ?

ಅಣ್ಣ: ಸರಿ. ಆದರೆ ಮೇಲಿನ ಕುರ್ಚಿಯಲ್ಲಿ ಹೆಣ್ಣು ಕುಳಿತರೆ ಕೆಳಗೆ ಏನು ಬದಲಾಗುತ್ತದೆ?

ಅಮ್ಮ: ಇದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಖರೀದಿ ಸಮಿತಿಯಲ್ಲಿ ಏಳು ಜನ. ಒಬ್ಬ ನರ್ಸ್ ಕೂಡ ಇಲ್ಲ. ಕೈಗವಸು ಬರುತ್ತಿದ್ದದ್ದು ಎಂಟನೇ ಅಳತೆಯದು ಮಾತ್ರ. ನಮ್ಮಲ್ಲಿ ಹೆಚ್ಚಿನವರದು ಆರೂವರೆ. ಬೆರಳ ತುದಿಯಲ್ಲಿ ರಬ್ಬರು ಮಡಚಿಕೊಂಡು ನಿಲ್ಲುತ್ತಿತ್ತು. ಮಗುವಿನ ಕೈಯಲ್ಲಿ ನರ ಹುಡುಕುವಾಗ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಎರಡು ಸಲ, ಮೂರು ಸಲ ಚುಚ್ಚಬೇಕು, ಮಗು ಕಿರುಚಬೇಕು, ತಾಯಿ ನಮ್ಮನ್ನು ಬೈಯಬೇಕು. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಕೆಲಸ ಮಾಡಿದೆವು. ನಾಲ್ಕು ವರ್ಷ ಬರೆದು ಕೊಟ್ಟೆವು. “ದೊಡ್ಡದಾದರೆ ಎಲ್ಲರಿಗೂ ಆಗುತ್ತದೆ” ಎಂಬ ಉತ್ತರ ಬರುತ್ತಿತ್ತು. ಐದನೇ ವರ್ಷ ನಮ್ಮ ಹಿರಿಯ ನರ್ಸ್ ಒಬ್ಬರನ್ನು ಸಮಿತಿಗೆ ಸೇರಿಸಿದರು. ಮುಂದಿನ ಬೇಡಿಕೆ ಪಟ್ಟಿಯಲ್ಲೇ ಆರು, ಆರೂವರೆ, ಏಳು ಎಲ್ಲ ಬಂದವು. ಖರ್ಚು ಹೆಚ್ಚಾಗಲಿಲ್ಲ.

ತಮ್ಮ: ದೊಡ್ಡಮ್ಮ, ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ.

ಅಮ್ಮ: ಯಾರೂ ಕೇಳಿರಲಿಲ್ಲ.

ಚಿಕ್ಕಪ್ಪ: ಅತ್ತಿಗೆ, ನಿಮ್ಮ ಮಾತು ಒಪ್ಪಿದೆ. ಆದರೆ ಯುದ್ಧ, ನಿರಾಶ್ರಿತರು, ಬಂದೂಕು ಹಿಡಿದವರೊಂದಿಗೆ ಸಂಧಾನ, ಅಲ್ಲಿ ಕಠಿಣ ಮನಸ್ಸು ಬೇಕಲ್ಲವೇ? ಕೈಗವಸಿನ ವಿಷಯವೇ ಬೇರೆ.

ನಾನು: ಚಿಕ್ಕಪ್ಪ, ಸದಾಕೊ ಒಗಾಟಾ. ಪ್ರಾಧ್ಯಾಪಕಿಯಾಗಿದ್ದವರು. 1991ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆದಾಗ 63 ವರ್ಷ. ಕುರ್ಚಿಯಲ್ಲಿ ಕುಳಿತು ಎರಡು ತಿಂಗಳಾಗಿರಲಿಲ್ಲ, ಸದ್ದಾಂ ಹುಸೇನನ ಸೇನೆಗೆ ಹೆದರಿ ಓಡಿದ ಇರಾಕಿನ ಸುಮಾರು ನಾಲ್ಕು ಲಕ್ಷ ಕುರ್ದರು ಟರ್ಕಿಯ ಗಡಿಯ ಬೆಟ್ಟಗಳಲ್ಲಿ ಚಳಿಗೆ ಸಿಕ್ಕಿಬಿದ್ದರು. ಟರ್ಕಿ ಒಳಗೆ ಬಿಡಲಿಲ್ಲ. 1951ರ ಒಪ್ಪಂದದ ಪ್ರಕಾರ ಗಡಿ ದಾಟದವರು ನಿರಾಶ್ರಿತರೇ ಅಲ್ಲ, ಹಾಗಾಗಿ ಅವರ ಹೊಣೆ ಈ ಸಂಸ್ಥೆಯದಲ್ಲ. ಅವರ ಅಧಿಕಾರಿಗಳಲ್ಲೇ ಎರಡು ಪಂಗಡವಾಯಿತು. ನಿಯಮ ಮುರಿದರೆ ಮುಂದೆ ಯಾವ ದೇಶವೂ ಗಡಿ ತೆರೆಯುವುದಿಲ್ಲ ಎಂಬ ವಾದದಲ್ಲೂ ಹುರುಳಿತ್ತು. ಎಲ್ಲವನ್ನೂ ಕೇಳಿ, ಇರಾಕಿನ ಒಳಗೇ ನೆರವು ಕೊಡುವ ತೀರ್ಮಾನವನ್ನು ತಾವು ತೆಗೆದುಕೊಂಡರು. ಎರಡು ವರ್ಷದ ಬಳಿಕ, ಯುದ್ಧ ನಡೆಯುತ್ತಿದ್ದ ಬೋಸ್ನಿಯಾದಲ್ಲಿ ಅವರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಒಂದು ಕಡೆಯವರು ಆಹಾರದ ಲಾರಿಗಳನ್ನು ತಡೆದರು, ಇನ್ನೊಂದು ಕಡೆಯವರು ಅದನ್ನು ಪ್ರತಿಭಟಿಸಲು ನೆರವನ್ನೇ ನಿರಾಕರಿಸಿದರು. 1993ರ ಫೆಬ್ರುವರಿಯಲ್ಲಿ ಒಗಾಟಾ ಅಲ್ಲಿನ ಬಹುಪಾಲು ಪರಿಹಾರ ಕಾರ್ಯವನ್ನೇ ನಿಲ್ಲಿಸಿಬಿಟ್ಟರು. ಮಹಾಕಾರ್ಯದರ್ಶಿ ಬೂತ್ರೋಸ್ ಘಾಲಿ ಅಸಮಾಧಾನಗೊಂಡು ಮತ್ತೆ ಆರಂಭಿಸಲು ಹೇಳಿದರು, ಕೆಲವೇ ದಿನಗಳಲ್ಲಿ ಲಾರಿಗಳು ಹೊರಟವು. ಹಸಿದವರ ಮುಂದೆ ನೆರವು ನಿಲ್ಲಿಸುವುದು ಸರಿಯೇ ಎಂದು ಈಗಲೂ ಎದೆ ಅಳುಕುತ್ತದೆ. ಆದರೆ ಆಹಾರವನ್ನು ಆಯುಧ ಮಾಡಿಕೊಂಡವರಿಗೆ ಆಗ ಬೇರೆ ಯಾರೂ ಅಷ್ಟು ಗಟ್ಟಿಯಾಗಿ ಬೇಡ ಎಂದಿರಲಿಲ್ಲ. ಇದನ್ನು ತಾಯಿಯ ಕರುಳು ಎಂದು ಕರೆಯುತ್ತೀರಾ?

ಚಿಕ್ಕಪ್ಪ: ಇಲ್ಲಮ್ಮಾ. ಇದು ರಾಜಕಾರಣ, ಒಳ್ಳೆಯ ಅರ್ಥದಲ್ಲಿ.

ಚಿಕ್ಕಪ್ಪ: ನಾನು ಈ ಚಿತ್ರ ಏಕೆ ಹಾಕಿದೆ ಎಂದರೆ, ನಮ್ಮ ಧರ್ಮಾರ್ಥ ಚಿಕಿತ್ಸಾಲಯದ ವಾರ್ಷಿಕ ವರದಿಯ ಮುಖಪುಟಕ್ಕೆ ಇದನ್ನೇ ಆರಿಸಿದ್ದೇವೆ. ನಾಡಿದ್ದು ಮುದ್ರಣಕ್ಕೆ ಹೋಗಬೇಕು. ನಿಮ್ಮೆಲ್ಲರಿಗೂ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ತಮ್ಮ: ಅಪ್ಪ, ಆಡಳಿತ ಮಂಡಳಿಯಲ್ಲಿ ಎಷ್ಟು ಜನರಿದ್ದೀರಿ?

ಚಿಕ್ಕಪ್ಪ: ಒಂಬತ್ತು.

ತಮ್ಮ: ಮಹಿಳೆಯರು?

ಚಿಕ್ಕಪ್ಪ: ಸದ್ಯಕ್ಕೆ ಇಲ್ಲ.

ತಮ್ಮ: ನರ್ಸ್‌ಗಳು ಎಷ್ಟು?

ಚಿಕ್ಕಪ್ಪ: ಹದಿನಾಲ್ಕು. ಎಲ್ಲರೂ ಮಹಿಳೆಯರೇ. ಅವರನ್ನು ನಾವು ಗೌರವದಿಂದಲೇ ನೋಡಿಕೊಳ್ಳುತ್ತೇವೆ, ತಪ್ಪು ತಿಳಿಯಬೇಡಿ.

ಚಿಕ್ಕಮ್ಮ: ಗೌರವದ ಮಾತಲ್ಲ ಅದು. ಕಳೆದ ಸಲ ಔಷಧಿ ಕಪಾಟನ್ನು ಮೇಲಿನ ಮಹಡಿಗೆ ಸಾಗಿಸಿದಿರಿ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಹುಡುಗಿ ರೋಗಿಯನ್ನು ಬಿಟ್ಟು ಮೆಟ್ಟಿಲು ಹತ್ತಬೇಕು ಎಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆ ಹುಡುಗಿಯೇ ನನ್ನ ಹತ್ತಿರ ಹೇಳಿಕೊಂಡಳು.

ಅಣ್ಣ: ಚಿಕ್ಕಪ್ಪ, ನನ್ನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು.

ಚಿಕ್ಕಪ್ಪ: ಮುಖಪುಟ ಬದಲಿಸುವುದು ನನ್ನೊಬ್ಬನ ಕೈಯಲ್ಲಿಲ್ಲ, ಆದರೆ ಕೇಳುತ್ತೇನೆ. ಅತ್ತಿಗೆ, ಈ ತಿಂಗಳು ನಮ್ಮಲ್ಲೂ ಖರೀದಿ ಇದೆ. ಕೈಗವಸು ಯಾವ ಅಳತೆಯದು ಎಷ್ಟೆಷ್ಟು ಬೇಕು ಎಂದು ಬರೆದು ಕಳುಹಿಸುತ್ತೀರಾ?

ಅಮ್ಮ: ನಾನು ಹೇಗೆ ಬರೆಯಲಿ? ಅಲ್ಲಿ ಕೆಲಸ ಮಾಡುವವರ ಕೈ ನಾನು ನೋಡಿಲ್ಲ. ಹದಿನಾಲ್ಕು ಜನರಲ್ಲಿ ಅವರೇ ಇಬ್ಬರನ್ನು ಆರಿಸಿ ಕಳುಹಿಸಲಿ, ಖರೀದಿಯ ಸಭೆಯಲ್ಲಿ ಕೂರಿಸಿಕೊಳ್ಳಿ. ನಿಮ್ಮ ಸಭೆ ಎಷ್ಟು ಗಂಟೆಗೆ?

ಚಿಕ್ಕಪ್ಪ: ಸಂಜೆ ಏಳಕ್ಕೆ, ಯಾವಾಗಲೂ.

ಅಮ್ಮ: ಅದು ಪಾಳಿ ಬದಲಾಗುವ ಹೊತ್ತು. ಯಾರೂ ಬರಲಾರರು.

ಚಿಕ್ಕಪ್ಪ: ಹಾಗಾದರೆ ಎಷ್ಟು ಗಂಟೆಗೆ ಇಡಲಿ?

ಅಮ್ಮ: ಅದನ್ನೂ ಅವರನ್ನೇ ಕೇಳಿ.